ಮೂರು ಸಲ ಮಾಡಿದ ಪೆಟ್ಟಿಗೆ

ಆ ಬಡಗಿಯನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಅಳತೆ ಮಾವ ಎಂದು. ನಾಯಿಯನ್ನು ಊರಿಂದೂರಿಗೆ ಕರೆದೊಯ್ಯುವವರಿಗೆ ಪ್ರಯಾಣದ ಪೆಟ್ಟಿಗೆ ಮಾಡಿಕೊಡುವುದು ಅವನ ಕಸುಬು. ಬರೀ ಅಳತೆ ಬರೆದ ಚೀಟಿ ಹಿಡಿದು ಬಂದವರನ್ನು ಬಾಗಿಲಿಂದಲೇ ಅಟ್ಟುತ್ತಿದ್ದ. "ಚೀಟಿ ಬಾಲ ಅಲ್ಲಾಡ್ಸುತ್ತಾ? ನಾಯಿ ಕರ್ಕೊಂಡು ಬನ್ನಿ." ನಾಯಿ ನಾಲ್ಕು ಕಾಲ ಮೇಲೆ ನೆಟ್ಟಗೆ ನಿಂತಿರಬೇಕು, ಆಗಲೇ ಟೇಪು ಹಿಡಿಯುತ್ತಿದ್ದುದು. ಒಳಗೆ ಸುತ್ತು ತಿರುಗುವಷ್ಟು ಜಾಗ ಬಿಟ್ಟು, ಉಸಿರಾಟಕ್ಕೆಂದು ಎರಡೂ ಪಕ್ಕದಲ್ಲಿ ಹದಿನಾರು ಹದಿನಾರು ತೂತು ಕೊರೆಯುತ್ತಿದ್ದ. ಒಂದು ಕಡಿಮೆಯಾದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಪೆಟ್ಟಿಗೆ ಕೈಗಿಡುವಾಗ ಉಪದೇಶ ಬೇರೆ. "ಮಡಿಲಲ್ಲಿ ಕೂರಿಸ್ಕೋಬೇಡಿ. ಬ್ರೇಕ್ ಹಾಕಿದ್ರೆ ಪೈಲ್ವಾನನ ಕೈಯಲ್ಲೂ ನಾಯಿ ನಿಲ್ಲಲ್ಲ." ಗಿರಾಕಿಗಳಿಗೆ ಇದು ಬಾಯಿಪಾಠವಾಗಿತ್ತು.

ಮನೆಯಲ್ಲಿ ಇದ್ದವಳು ಅಕ್ಕ ಒಬ್ಬಳೇ. ಚಿಕ್ಕಂದಿನಲ್ಲಿ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಈಗ ಎರಡೂ ಕಣ್ಣು ಮಂಜಾಗಿ ಗೋಡೆ ಹಿಡಿದು ನಡೆಯುತ್ತಿದ್ದಳು. ಅವಳ ಮುಂದೆ ಮುಂದೆ ಮರಿ. ಎಂಟು ವರ್ಷದ ನಾಯಿಗೆ ಇನ್ನೂ ಅದೇ ಹೆಸರು. ಹೊಸ್ತಿಲು ಬಂದರೆ ನಿಂತು ಅವಳ ಕಾಲಿಗೆ ಒರಗುತ್ತಿತ್ತು, ಅವಳು ದಾಟಿದ ಮೇಲೆಯೇ ಹೆಜ್ಜೆ ತೆಗೆಯುತ್ತಿತ್ತು. ಅದನ್ನು ಯಾರೂ ಕಲಿಸಿದ್ದಲ್ಲ.

ಅವಳ ಕಣ್ಣಿಗೆ ಆಪರೇಷನ್ ಆಗಬೇಕಿದ್ದ ಆಸ್ಪತ್ರೆ ಇದ್ದುದು ಪಕ್ಕದ ಪಟ್ಟಣದಲ್ಲಿ. ಮರಿ ಇಲ್ಲದೆ ಅಕ್ಕ ಮನೆ ಬಿಟ್ಟು ಹೊರಡುವವಳಲ್ಲ. "ನಮ್ಮದಕ್ಕೂ ಒಂದು ಪೆಟ್ಟಿಗೆ ಮಾಡೋ," ಎಂದು ಅವಳು ಕೇಳಿದಾಗಲೆಲ್ಲ "ಈ ವಾರ ಆಗುತ್ತಕ್ಕ" ಎನ್ನುತ್ತಿದ್ದ. ಮಾಡದೆ ಇರಲಿಲ್ಲ ಮಹಾರಾಯ. ಮೊದಲನೆಯದನ್ನು ಅವಸರದಲ್ಲಿದ್ದ ಮೇಷ್ಟ್ರು ಒಯ್ದರು, ಎರಡನೆಯದನ್ನು ವರ್ಗವಾಗಿ ಹೊರಟ ನರ್ಸಮ್ಮ. ಮೂರನೆಯದು ಆಪರೇಷನ್ನಿನ ಹಿಂದಿನ ದಿನ ಸಿದ್ಧವಾಯಿತು. ಸಂಜೆ ಒಬ್ಬಳು ನಾಯಿ ಸಮೇತ ಓಡಿಬಂದು, ಬೆಳಿಗ್ಗೆ ವಿಮಾನ, ಕೈ ಬಿಡಬೇಡಿ ಎಂದು ಗೋಗರೆದಳು. ಅವಳ ನಾಯಿಯೂ ಮರಿಯಷ್ಟೇ ಎತ್ತರ. ಕೊಟ್ಟುಬಿಟ್ಟ. ಮನೆಯ ನಾಯಿ ತಾನೇ, ನಾಳೆ ಒಂದು ದಿನ ಗಾಡಿ ನಿಧಾನವಾಗಿ ಓಡಿಸಿದರಾಯಿತು ಎಂದುಕೊಂಡ. ಲೋಕಕ್ಕೆಲ್ಲ ಬುದ್ಧಿ ಹೇಳುವವರು ತಮ್ಮ ಮಟ್ಟಿಗೆ ಒಂದು ದಿನ ರಜೆ ಹಾಕುವುದು ಹೀಗೆಯೇ.

ಮರುದಿನ ಬೆಳಗಿನ ಹತ್ತು ಗಂಟೆಗೆ, ಪಟ್ಟಣ ಇನ್ನೇನು ಬಂತು ಅನ್ನುವಾಗ, ಓಣಿಯಿಂದ ಸೈಕಲ್ಲೊಂದು ಅಡ್ಡ ನುಗ್ಗಿತು. ಅವನು ಬ್ರೇಕ್ ತುಳಿದ. ಸೈಕಲ್ಲಿನವನು ನಾಲ್ಕು ಮಾತು ಬೈದು ಹೊರಟುಹೋದ. ಬೆಲ್ಟು ಕಟ್ಟಿಕೊಂಡಿದ್ದ ಅಕ್ಕನಿಗೆ ಏನೂ ಆಗಿರಲಿಲ್ಲ. ಅವಳ ಮಡಿಲಲ್ಲಿದ್ದ ಮರಿ ಮುಂದಿನ ಗಾಜಿಗೆ ಬಡಿದು, ಕುತ್ತಿಗೆ ಮುರಿದು, ಅವಳ ಪಾದದ ಹತ್ತಿರ ಬಿದ್ದಿತ್ತು.

"ಮರಿ ಎಲ್ಲೋ?" ಎಂದಳು ಅಕ್ಕ, ಖಾಲಿ ಮಡಿಲನ್ನು ತಡವುತ್ತ.

ಆಸ್ಪತ್ರೆಗೆ ಹೋಗಲಿಲ್ಲ. ಗಾಡಿ ತಿರುಗಿಸಿ ಮನೆಗೆ ಬಂದರು. ಅಳತೆ ಮಾವ ಜೀವನದಲ್ಲಿ ಮೊದಲ ಸಲ ಮಲಗಿದ ನಾಯಿಯ ಅಳತೆ ತೆಗೆದ. ಮಧ್ಯಾಹ್ನದ ಹೊತ್ತಿಗೆ ಹಲಗೆ ಕೂಡಿಸಿ ಮೊಳೆ ಹೊಡೆಯುತ್ತಿದ್ದಾಗ ಅಕ್ಕ ಗೋಡೆ ಹಿಡಿದು ಬಂದಳು. ಹೊಸ್ತಿಲಲ್ಲಿ ಎಡವಿದಳು.

"ನನ್ನ ಕೈ ಜಾರ್ತು ಕಣೋ," ಎಂದಳು. "ಇನ್ನೊಂಚೂರು ಗಟ್ಟಿಯಾಗಿ ಹಿಡ್ಕೊಂಡಿದ್ರೆ ಉಳೀತಿತ್ತು. ನಾನೇ ಕೊಂದೆ."

ಸುಮ್ಮನಿದ್ದಿದ್ದರೆ ಅವಳು ಸಾಯುವ ತನಕ ಹಾಗೆಯೇ ನಂಬಿರುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು. ಆ ಸುಮ್ಮನಿರುವ ಆಸೆ ಅವನಿಗೆ ಬಂದದ್ದೂ ನಿಜ. ಸುತ್ತಿಗೆ ಕೆಳಗಿಟ್ಟ.

"ಯಾರ ಕೈಯಲ್ಲೂ ನಿಲ್ತಿರ್ಲಿಲ್ಲ ಅಕ್ಕ. ಪೆಟ್ಟಿಗೆ ಆಗಿತ್ತು. ನಿನ್ನೆ ಸಂಜೆ ಬೇರೆಯವರಿಗೆ ಕೊಟ್ಬಿಟ್ಟೆ. ಇದೇ ಮೊದಲಲ್ಲ, ಮೂರನೇದು."

ಅಕ್ಕ ಬಯ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ನೆಲಕ್ಕೆ ಕೂತು, ಪೆಟ್ಟಿಗೆಯ ಪಕ್ಕದ ಹಲಗೆಯನ್ನು ಈ ತುದಿಯಿಂದ ಆ ತುದಿಗೆ ಸವರಿದಳು.

"ತೂತು ಎಲ್ಲಿ?"

"ಇನ್ನು ಅದಕ್ಕೆ ಯಾಕಕ್ಕ..."

"ಊರಿನ ನಾಯಿಗಳಿಗೆಲ್ಲ ಕೊರೆದೆಯಲ್ಲ. ಇದಕ್ಕೂ ಕೊರಿ."

ಅವನು ಕೊರೆಯಲು ಕುಳಿತ. ಪ್ರತಿ ತೂತಿಗೂ ಅವಳು ಬೆರಳಿಟ್ಟು ಎಣಿಸಿದಳು. ಹದಿನೈದಕ್ಕೆ ಅವನ ಬೈರಿಗೆ ನಿಂತುಬಿಟ್ಟಿತು.

"ಇನ್ನೊಂದು," ಎಂದಳು ಅಕ್ಕ.