ಬ್ಯಾಡಗಿಯ ಕಣದಲ್ಲಿ ಆರಿಸಿದ ರೈಫಲ್

ನಾನು ಪುಣೆಯಲ್ಲಿ ಓದು ಮುಗಿಸಿ ರಾಣೆಬೆನ್ನೂರಿಗೆ ಮರಳಿದ್ದೆ. ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಹಾವೇರಿಯ ಗುರಿ ಪಂದ್ಯದಲ್ಲಿ ಹೊಡೆಯುವ ಹುಚ್ಚು ಹತ್ತಿ, ಒಂದು ರೈಫಲ್‌ಗೆ ಲೈಸೆನ್ಸ್ ಮಾಡಿಸಿಕೊಂಡಿದ್ದೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು, ಪ್ರತಿ ಗುಂಡಿಗೂ ಬೋಲ್ಟ್ ಎಳೆದು ತಳ್ಳುವಂಥ ಎರಡು ಹಳೆಯ ರೈಫಲ್ ಮಾರುವವರಿದ್ದರು. ಒಂದು ಅಗ್ಗದ್ದು. ಇನ್ನೊಂದನ್ನು ಕೊಳ್ಳಬೇಕಾದರೆ ನನ್ನ ಸೈಕಲ್ ಮಾರಬೇಕಿತ್ತು.

ವ್ಯಾಪಾರಿ ತಮ್ಮ ಕಣದ ಹಿಂದಿನ ಮಣ್ಣುದಿಬ್ಬಕ್ಕೆ ಹಲಗೆ ಆನಿಸಿ ಸುಣ್ಣದ ಬೊಟ್ಟು ಇಟ್ಟರು. ಕಣದಲ್ಲಿ ಆಳುಗಳು ಒಣಮೆಣಸಿನಕಾಯಿ ಚೀಲಕ್ಕೆ ತುಂಬುತ್ತಿದ್ದರು. ಅಗ್ಗದ ರೈಫಲ್‌ನ ಗುಂಡುಗಳು ಹಲಗೆಯ ತುಂಬ ಚದುರಿದವು. ಇನ್ನೊಂದರವು ಬೊಟ್ಟಿನ ಸುತ್ತಲೇ ಬಿದ್ದವು.

“ಇದನ್ನ ತಗೋತೇನಿ,” ಎಂದೆ.

“ಮೊದಲನೇದು ಹೊಡೀವಾಗ ಗಾಳಿ ನಿನ್ನ ಕಡೇನ ಇತ್ತು, ಮೆಣಸಿನಕಾಯಿ ಘಾಟಿಗೆ ಕಣ್ಣಾಗ ನೀರು ಸುರೀತಿತ್ತು. ಬಂದೂಕಿಗೆ ಯಾಕ ಬೈತಿ, ತಮ್ಮಾ?” ಎಂದರು ಜೊತೆಗೆ ಬಂದಿದ್ದ ಸೋದರಮಾವ.

“ಘಾಟ ಎಲ್ಲೈತ್ರಿ ಇಲ್ಲಿ?” ಎಂದು ವ್ಯಾಪಾರಿ ಗಾಳಿ ಮೂಸಿ ನೋಡಿದರು.

ಕಣ್ಣು ಉರಿದದ್ದು ನಿಜವೋ, ಮಾವ ಹೇಳಿದ ಮೇಲೆ ನಾನೇ ಹುಟ್ಟಿಸಿಕೊಂಡ ನೆನಪೋ, ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯದು. ಚೀಲ ತುಂಬುವ ಕೆಲಸ ಸ್ವಲ್ಪ ನಿಲ್ಲಿಸಲು ವ್ಯಾಪಾರಿಯನ್ನು ಬೇಡಿಕೊಂಡೆ. ಧೂಳು ಅಡಗುವವರೆಗೆ ನಿಂತಲ್ಲಿ ನಿಲ್ಲಲಾರದೆ ಅತ್ತಿಂದಿತ್ತ ಅಲೆದೆ. ಆಮೇಲೆ ಉಳಿದ ತೋಟಾಗಳನ್ನೆಲ್ಲ ಅಗ್ಗದ್ದರಲ್ಲೇ ಹೊಡೆದೆ. ಬೊಟ್ಟಿಗೆ ಒಂದೂ ತಾಗಲಿಲ್ಲ. ಆದರೆ ಅದರ ಕೆಳಗೆ, ಎಡಕ್ಕೆ, ಎಲ್ಲ ತೂತುಗಳೂ ಒತ್ತೊತ್ತಾಗಿದ್ದವು. ಬಂದೂಕು ಗುಂಡು ಚದುರಿಸುತ್ತಿರಲಿಲ್ಲ; ನಳಿಗೆಯ ತುದಿಯ ಗುರಿಮೊಳೆ ಸರಿಸಿದರೆ ಸಾಕು ಎನಿಸಿತು.

ಅದನ್ನೇ ಕೊಂಡೆ. ರೈಲಿನಲ್ಲಿ ರಾಣೆಬೆನ್ನೂರು ಬರುವವರೆಗೂ ಖಾಲಿ ರೈಫಲ್‌ನ ಬೋಲ್ಟ್ ಎಳೆಯುತ್ತ, ತಳ್ಳುತ್ತ ಕೂತೆ.

“ಸಾಕು ಮಾಡೋ, ಮಂದಿ ನೋಡಾಕತ್ತಾರ,” ಎಂದರು ಮಾವ.