ಕಿಟಕಿ ಮುಚ್ಚಿದ ಹಸಿರು

ಮಡಿಕೇರಿಯ ಆ ನಾಲ್ಕಂತಸ್ತಿನ ಕಟ್ಟಡಕ್ಕೆ ಕುಸುಮಾ ಬಂದು ಸೇರಿದ್ದೇ ಒಂದು ಕಿಟಕಿಯ ಆಸೆಗೆ. ಶನಿವಾರಸಂತೆಯ ತವರಿನಲ್ಲಿದ್ದಾಗಲೇ ಹೊಲಿಗೆ ಕಲಿತವಳು. ಮದುವೆಯಾದ ಮೇಲೆ ಬಾಡಿಗೆ ಮನೆಗಳ ಅಡುಗೆಕೋಣೆ ಮೂಲೆಯಲ್ಲೇ ಮಿಷನ್ ತುಳಿದಿದ್ದಳು. ಇಲ್ಲಿ ಪಡುವಣ ಕಿಟಕಿಯಿಂದ ಕಣಿವೆ ಕಾಣುತ್ತಿತ್ತು. ದೀಪ ಹಾಕದೆಯೇ ಸೂಜಿಗೆ ದಾರ ಪೋಣಿಸಬಹುದಿತ್ತು. ಅಲ್ಲಿ ಕೂತು ಬೀದಿಯ ಅರ್ಧದಷ್ಟು ಹೆಂಗಸರಿಗೆ ರವಿಕೆ ಹೊಲಿದಳು.

ಆಮೇಲೆ ಕಟ್ಟಡದ ಸಂಘದವರಿಗೆ ಹಸಿರು ಗೋಡೆಯ ಹುಚ್ಚು ಹಿಡಿಯಿತು. ಮಳೆ ಬಡಿದು ಬಣ್ಣ ನಿಲ್ಲದ ಪಡುವಣ ಗೋಡೆಗೆ ಕಬ್ಬಿಣದ ಚೌಕಟ್ಟು ಕಟ್ಟಿ ಜರೀಗಿಡ, ಬಳ್ಳಿಗಳನ್ನು ಹಬ್ಬಿಸುವುದು, ಕೆಳಗೆ ಎಲ್ಲರಿಗೂ ಸೇರಿದ ತೋಟ ಮಾಡುವುದು ಎಂದು ತೀರ್ಮಾನವಾಯಿತು. ಸೆಕ್ರೆಟರಿ ಬೇರೆ ಯಾರೂ ಅಲ್ಲ, ಅವಳ ಗಂಡ ರೇಣುಕಪ್ರಸಾದನೇ.

"ಕಿಟಕಿ ಬಿಟ್ಟೇ ಕಟ್ತಾರೆ ಕಣೇ," ಎಂದಿದ್ದ.

ಬಿಟ್ಟೇ ಕಟ್ಟಿದರು. ಆದರೆ ಮೊದಲ ಮಳೆಗಾಲಕ್ಕೇ ಬಳ್ಳಿಗಳು ಕಿಟಕಿಯ ಸರಳುಗಳನ್ನು ಸುತ್ತಿಕೊಂಡವು. ಗಾಜು ಸರಿಸಿದರೆ ಒದ್ದೆ ಎಲೆಗಳು ಒಳಗೇ ನುಗ್ಗುತ್ತಿದ್ದವು.

ಪ್ರವಾಸಿಗರು ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು. ಒಳಗೆ ಕುಸುಮಾ ಬೆಳಗಿನಿಂದಲೇ ಟ್ಯೂಬ್‌ಲೈಟಿನ ಕೆಳಗೆ. ಗೋಡೆ ಬೆವರುತ್ತಿತ್ತು. ಮಳೆ ನಿಂತರೂ ಎಲೆಗಳಿಂದ ನೀರು ತೊಟ್ಟಿಕ್ಕುವ ಸದ್ದು ನಿಲ್ಲುತ್ತಿರಲಿಲ್ಲ. ಹೊರಗೆ ಬಿಸಿಲೋ ಮಂಜೋ ಎಂದು ತಿಳಿಯಲು ಮೆಟ್ಟಿಲಿಳಿದು ಹೋಗಬೇಕಿತ್ತು. ಒಂದು ದಿನ ಮೇಲಿನ ಮನೆಯ ದಿವ್ಯ ನೆಂಟರ ಮದುವೆಗೆಂದು ಹೊಲಿಸಿದ್ದ ರೇಷ್ಮೆ ರವಿಕೆಯ ಮೇಲೆ ಬೂಷ್ಟಿನ ಚುಕ್ಕೆ ಎದ್ದಿತು. ದಿವ್ಯ ಅದನ್ನು ಹಾಗೇ ಮಡಚಿಕೊಂಡು ಹೋದಳು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಕುಸುಮಾಳಿಗೆ.

"ನಮ್ಮ ಕಿಟಕಿ ಮುಂದಿಂದಷ್ಟು ಕತ್ತರಿಸೋಕೆ ಹೇಳ್ರೀ," ಎಂದು ಗಂಡನನ್ನು ಕೇಳಿದಳು.

"ಗಿಡ ಮುಟ್ಟಬಾರದು ಅಂತ ರೂಲ್ ಮಾಡಿದೋನೇ ನಾನು. ನಾನೇ ಮುರಿಯೋದಾ?"

ಅವನು ಆಫೀಸಿಗೆ ಹೋದದ್ದೇ ತಡ, ಕುಸುಮಾ ಬಟ್ಟೆಯ ಕತ್ತರಿ ಹಿಡಿದಳು. ಸರಳುಗಳ ನಡುವೆ ತೋಳು ತೂರಿಸಿ, ಮೊಣಕೈ ತರಚಿದರೂ ಬಿಡದೆ, ಸಿಕ್ಕಿದ್ದನ್ನೆಲ್ಲ ಕತ್ತರಿಸಿದಳು. ಕಣಿವೆ ಕಂಡಿತು. ಅವಳು ಹೊಲಿಯಲಿಲ್ಲ, ಸುಮ್ಮನೆ ಉಸಿರೆಳೆದುಕೊಳ್ಳುತ್ತ ಮಧ್ಯಾಹ್ನದವರೆಗೆ ಅಲ್ಲೇ ನಿಂತಿದ್ದಳು.

ಸಂಜೆ ತೋಟದಲ್ಲಿ ಸಭೆ ಸೇರಿತು. ಸಂಘದ ಅಧ್ಯಕ್ಷರು ಚಿದಂಬರ, ನಿವೃತ್ತ ಮೇಷ್ಟ್ರು, ದನಿ ಏರಿಸುವವರಲ್ಲ. "ಕತ್ತಲಾದ್ರೆ ದೀಪ ಹಾಕ್ಕೋಬಹುದಿತ್ತಲ್ಲಮ್ಮ," ಎಂದರು. ಎಲ್ಲರೂ ತಲೆಯಾಡಿಸಿದರು. ರೇಣುಕಪ್ರಸಾದ ನೆಲ ನೋಡುತ್ತ, "ಹೊಸ ಬಳ್ಳಿ ಹಬ್ಬಿಸಿಕೊಡ್ತೀನಿ," ಎಂದ.

ಕುಸುಮಾ ಗಂಡನ ಕಡೆ ತಿರುಗಲಿಲ್ಲ. "ಈ ತೋಟ ಎಲ್ಲರದ್ದೂ ತಾನೇ ಸಾರ್?" ಎಂದಷ್ಟೇ ಕೇಳಿದಳು.

"ಎಲ್ಲರದ್ದೂ, ಅದರಲ್ಲೇನು?"

ಮರುದಿನ ದಿವ್ಯಳಿಂದ ಒಂದು ಕೈ ಹಿಡಿಸಿ ಮಿಷನ್ನನ್ನು ಕೆಳಗಿಳಿಸಿ, ತೋಟದ ಚಪ್ಪರದಡಿ ಕೂತು ಹೊಲಿಯತೊಡಗಿದಳು. ಚಿದಂಬರ ಎರಡು ಸಲ ಹಾದುಹೋದರು. ಅಂದು ಬಿಸಿಲಿತ್ತು. ಮಾರನೆಯ ದಿನ ಇರಲಿಲ್ಲ.

ಈಗಲೂ ಹಾಗೇ. ಮಳೆಯಿಲ್ಲದಾಗ ಅವಳು ಕೆಳಗೆ, ಮಳೆ ಹಿಡಿದರೆ ತಿಂಗಳುಗಟ್ಟಲೆ ಮೇಲೆ. ಹೊಸ ಬಳ್ಳಿ ಮೊದಲಿನದಕ್ಕಿಂತ ದಟ್ಟವಾಗಿದೆ. ಬೇರೆ ಮನೆ ನೋಡೋಣವೆಂದು ಒಮ್ಮೆ ಕೇಳಿದ್ದಳು.

"ಸೆಕ್ರೆಟರಿನೇ ಬಿಟ್ಟು ಹೋದ್ರೆ ಜನ ಏನಂತಾರೆ?" ಎಂದ ರೇಣುಕಪ್ರಸಾದ.