ಚೌಡಿಕಲ್ಲಿನ ಸುತ್ತ ಹತ್ತು ಹೆಜ್ಜೆ

ಎಂಬತ್ತರ ದಶಕದ ಆರಂಭ. ನಾನು ಶಿವಮೊಗ್ಗದಲ್ಲಿ ಮಾಲಿನ್ಯ ತಪಾಸಣೆಯ ಕಿರಿಯ ಇಂಜಿನಿಯರ್ ಆಗಿದ್ದೆ. ಹೊಸನಗರ ತಾಲೂಕಿನಲ್ಲಿ, ಹುಲಿಕಲ್ ಕಡೆಯ ರಸ್ತೆಯಿಂದ ಒಳಗೆ, ಮುಚ್ಚಿಹೋಗಿದ್ದ ಒಂದು ಆಯಿಲ್ ರಿಫೈನರಿಯ ಫೈಲು ನನ್ನ ಮೇಜಿಗೆ ಬಂತು. ರಿಫೈನರಿ ಎಂದರೆ ದೊಡ್ಡದೇನಲ್ಲ. ಲಾರಿಗಳ, ಅಣೆಕಟ್ಟೆ ಕೆಲಸದ ಯಂತ್ರಗಳ ಹಳೆಯ ಇಂಜಿನ್ ಆಯಿಲ್‌ಗೆ ಗಂಧಕಾಮ್ಲ ಬೆರೆಸಿ, ಶುದ್ಧ ಮಾಡಿ ಮಾರುವ ಘಟಕ. ಆಗ ತಳದಲ್ಲಿ ಡಾಂಬರಿನಂಥ ಕಪ್ಪು ರಾಡಿ ಉಳಿಯುತ್ತದೆ. ನಾವು ಅದನ್ನು ಆಸಿಡ್ ಸ್ಲಡ್ಜ್ ಎನ್ನುತ್ತೇವೆ. ಮಾಲೀಕ ಅದನ್ನು ಎಲ್ಲೋ ಹೂತು ಊರು ಬಿಟ್ಟಿದ್ದ.

ಕೆಳಗಿನ ಇಳಿಜಾರಿನಲ್ಲಿ ಏಳು ಮನೆ, ಒಂದು ಬಾವಿ. ಗೇಣಿ ಮಾಡಿಕೊಂಡಿದ್ದ ಆ ಜನಕ್ಕೆ ಜಮೀನು ಸ್ವಂತ ಹೆಸರಿಗೆ ಬಂದು ಹೆಚ್ಚು ಕಾಲ ಆಗಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಬಾವಿನೀರಿನ ಮೇಲೆ ಎಣ್ಣೆಯ ಪೊರೆ ಕಂಡಿತ್ತು. ಈ ಮಳೆ ಹಿಡಿಯುವುದರೊಳಗೆ ಆ ರಾಡಿ ಹೂತ ಗುಂಡಿ ಸಿಗದಿದ್ದರೆ ಬಾವಿ ಮುಚ್ಚಿಸಿ, ಅವರನ್ನು ಅಲ್ಲಿಂದ ಎಬ್ಬಿಸಬೇಕೆಂದು ಮೇಲಿನವರು ತೀರ್ಮಾನಿಸಿದ್ದರು.

ಏಪ್ರಿಲ್ ಕೊನೆಯಲ್ಲಿ ಕೆಲಸ ಶುರು ಮಾಡಿದೆವು. ಸುತ್ತ ಕಾಡಿದ್ದರೂ ರಿಫೈನರಿಯ ಜಾಗದಲ್ಲಿ ಒಂದು ಹಕ್ಕಿಯೂ ಕೂಗುತ್ತಿರಲಿಲ್ಲ, ನೆಲದಲ್ಲಿ ಇರುವೆ ಇರಲಿಲ್ಲ. ನಡುವೆ ಕುಂಕುಮ ಬಳಿದ ಚೌಡಿಕಲ್ಲು, ಮೊಣಕಾಲೆತ್ತರದ್ದು. ಎದುರಿಗಿಟ್ಟ ಎಡೆಯನ್ನು ಕಾಗೆಯೂ ಮುಟ್ಟಿರಲಿಲ್ಲ. ದೇವರ ತಂಟೆ ಬೇಡವೆಂದು ನಾನು ಚಪ್ಪಲಿ ಬಿಟ್ಟು ಕೈಮುಗಿದೆ. ನಕ್ಷೆಯಲ್ಲಿ ಕಲ್ಲಿನ ಸುತ್ತ ಹತ್ತು ಹೆಜ್ಜೆಯ ವೃತ್ತ ಎಳೆದು, ಅಲ್ಲಿ ಅಗೆಯುವಂತಿಲ್ಲ ಎಂದು ಬರೆದೆ. ಊರವರ ಭಾವನೆಗೆ ಬೆಲೆ ಕೊಟ್ಟ ಜಾಣ ಅಧಿಕಾರಿ ಎಂದು ಒಳಗೊಳಗೇ ಬೀಗಿದೆ ಕೂಡ.

ಉಳಿದ ಕಡೆಯೆಲ್ಲ ಆಗರ್ ಎಂಬ ಕೈಕೊರೆಯಿಂದ ಅರವತ್ತು ಕುಳಿ ಕೊರೆದೆವು. ಬಂದದ್ದು ಬರೀ ಕೆಂಪು ಮಣ್ಣು. ಮೂರು ವಾರ ಕಳೆಯಿತು. ಹುಲಿಕಲ್ ಮೇಲೆ ಮೋಡ ಕಟ್ಟತೊಡಗಿತು.

ಸಾಮಾನು ಕಟ್ಟುವ ದಿನ ಮಟಮಟ ಮಧ್ಯಾಹ್ನ ಕೊನೆಯ ಸಲ ಕೈಮುಗಿಯಲು ಹೋದೆ. ಬರಿಗಾಲಿಗೆ ನೆಲ ಮೆತ್ತಗೆ ತಾಗಿತು, ಯಾರದೋ ಹೊಟ್ಟೆಯ ಮೇಲೆ ನಿಂತ ಹಾಗೆ. ಕಲ್ಲು ನೋಡಿದೆ. ಒಂದು ಗೇಣು ಕೆಳಗಿಳಿದಿತ್ತು.

ಬಾವಿಯ ಪಕ್ಕದ ಮನೆಯ ಬೈರಮ್ಮ ಹೂ ಹಿಡಿದು ಬಂದಿದ್ದರು. ನಾನು ಕಲ್ಲು ತೋರಿಸಿದೆ.

“ಅಮ್ಮ ಬ್ಯಾಸ್ಗೇಲಿ ಒಳಗೆ ಹೋಗ್ತಾಳೆ ಸಾರ್. ನಾವು ವರ್ಷಾ ವರ್ಷಾ ಎತ್ತಿ ನಿಲ್ಲಿಸ್ತೀವಿ,” ಎಂದರು.

ಯಾವ ಕಾಲದ ಕಲ್ಲು ಎಂದು ಆಗ ಕೇಳಿದೆ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ.

“ಹಳೇದಲ್ಲ ಸಾರ್. ಕಾರ್ಖಾನೆ ಮುಚ್ಚಿದ್ಮೇಲೆ ನಮ್ಮ ಎಮ್ಮೆಕರು ಇಲ್ಲೇ ಹೂತೋಯ್ತು. ಆಮೇಲೆ ನಾವೇ ಇಟ್ಟಿದ್ದು.”

ಇದನ್ನು ಯಾಕೆ ಹೇಳಲಿಲ್ಲವೆಂದು ರೇಗಿದೆ.

“ನೀವು ಚಪ್ಪಲಿ ಬಿಟ್ಟು ಕೈ ಮುಗಿದ್ರಲ್ಲ. ಗೊತ್ತಿದ್ದೇ ಮುಗಿದ್ರಿ ಅಂದ್ಕೊಂಡ್ವಿ.”

ಕಟ್ಟಿಟ್ಟಿದ್ದ ನಕ್ಷೆಯನ್ನು ಮತ್ತೆ ಬಿಚ್ಚಿ, ವೃತ್ತದೊಳಗೆ ಬರೆದಿದ್ದ ಮಾತನ್ನು ಹೊಡೆದುಹಾಕಿದೆ.

ಮರುದಿನ ಬೆಳಿಗ್ಗೆ ಬೈರಮ್ಮನೇ ಪೂಜೆ ಮಾಡಿ ಕಲ್ಲನ್ನು ಎತ್ತಿಸಿದರು. ಮೇಲೆ, ಬಿಸಿಲಿಗೆ ಮೆತ್ತಗಾಗಿ ರಾತ್ರಿಯ ತಂಪಿಗೆ ಬಿಗಿಯುವ ಒಂದೂವರೆ ಅಡಿ ಹೆಪ್ಪು, ಅದರಡಿ ಮೂಗು ಸುಡುವ ಕಪ್ಪು ರಾಡಿ. ಗುದ್ದಲಿಗೆ ಮೊದಲು ಸಿಕ್ಕಿದ್ದು ಎರಡು ಪುಟ್ಟ ಕೊಂಬು. ಬೈರಮ್ಮ ಸೆರಗು ಬಾಯಿಗೊತ್ತಿಕೊಂಡರು. ರಾಡಿಗೆ ಸುಣ್ಣ ಬೆರೆಸಿ, ಡ್ರಮ್ಮುಗಳಲ್ಲಿ ತುಂಬಿ ಸಾಗಿಸಿದೆವು. ಕೊನೆಯ ಲಾರಿ ಹೊರಟ ಸಂಜೆ ಮಳೆ ಹಿಡಿಯಿತು.

ಬಾವಿ ಒಮ್ಮೆಲೇ ಸರಿಯಾಗಲಿಲ್ಲ. ಎರಡು ಮಳೆಗಾಲ ಅವರು ದೂರದ ಹಳ್ಳದಿಂದ ನೀರು ಹೊತ್ತರು. ಆದರೆ ಯಾರೂ ಮನೆ ಬಿಡಲಿಲ್ಲ. ಮೂರನೆಯ ವರ್ಷ ಪರೀಕ್ಷೆಯಲ್ಲಿ ನೀರು ಚೊಕ್ಕವೆಂದು ಬಂತು. ವರದಿ ಹಿಡಿದು ಹೋದಾಗ ಅದೇ ಕಲ್ಲು ಬಾವಿಯ ಪಕ್ಕದಲ್ಲಿತ್ತು, ಮೊಣಕಾಲೆತ್ತರಕ್ಕೇ. ಹಳೆಯ ಗುಂಡಿಯ ಕಡೆಯಿಂದ ಕಪ್ಪೆಗಳು ವಟಗುಟ್ಟುತ್ತಿದ್ದವು.

ನನ್ನ ಆ ನಕ್ಷೆ ಈಗಲೂ ನನ್ನ ಹತ್ತಿರ ಇದೆ. ಅರವತ್ತು ಚುಕ್ಕಿ, ನಡುವೆ ಖಾಲಿ ವೃತ್ತ. ನಿವೃತ್ತನಾಗುವವರೆಗೂ ಯಾವ ಜಾಗಕ್ಕೆ ಹೋದರೂ, ಅಲ್ಲಿನ ದೇವರಕಲ್ಲಿಗೆ ಕೈಮುಗಿದ ಮೇಲೆ ಅದನ್ನು ಯಾವಾಗ ಇಟ್ಟದ್ದೆಂದು ಕೇಳದೆ ನಾನು ಕೊರೆ ಎತ್ತಲಿಲ್ಲ.